ಗ್ಯಾಸ್ ಮಾತ್ರೆಗೂ ಒಂದು ಕೊನೇ ದಿನ ಅಂತ ಇರಲಿ

ಕರ್ನಾಟಕ ಬಿಟ್ಟು ಹೊರಗೆ ಬಂದು ಕೂತವರಿಗೆಲ್ಲ ಒಂದು ಚಟ ಇರುತ್ತೆ, ಅಲ್ಲಿ ಹಾಗೆ ಇಲ್ಲಿ ಹೀಗೆ ಅಂತ ಪ್ರತಿಯೊಂದನ್ನೂ ತೂಗಿ ನೋಡೋದು. ಬೇರೆ ವಿಷಯದಲ್ಲಿ ಈ ತೂಗಾಟ ಬರೀ ಹರಟೆ, ಆದ್ರೆ ಆಸಿಡಿಟಿ ಮಾತ್ರೆ ವಿಷಯದಲ್ಲಿ ಅದ್ರಿಂದ ನಂಗೆ ಏನೋ ಸಿಕ್ಕಿದೆ ಅನ್ಸುತ್ತೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಲ್ಲಾ ನಮ್ಮವರ ಬಾಯಲ್ಲಿ ಗ್ಯಾಸ್ ಮಾತ್ರೆನೇ. ಯಾವತ್ತೋ ಒಬ್ಬ ಡಾಕ್ಟ್ರು ಯಾವುದೋ ಕಾರಣಕ್ಕೆ ಬರೆದುಕೊಟ್ಟಿರ್ತಾರೆ, ಕಾರಣ ಹೋಗಿ ಎಷ್ಟೋ ಕಾಲ ಆಗಿರುತ್ತೆ, ಮಾತ್ರೆ ಮಾತ್ರ ಹೋಗಿರಲ್ಲ. ಸೋದರಮಾವನಿಗೆ ಫೋನಲ್ಲಿ ಕೇಳಿದೆ, ಮಾವ ಇದು ಇನ್ನೂ ಎಷ್ಟು ದಿನ ಅಂತ ಹೇಳಿದಾರೆ? "ಅಯ್ಯೋ ಅದೇನು ಔಷಧಿನಾ, ಬರೀ ಗ್ಯಾಸ್ ಮಾತ್ರೆ ಕಣೋ" ಅಂದ್ರು. ಇಲ್ಲಿ ನಾನು ತೋರಿಸೋ ಡಾಕ್ಟ್ರು ಅದೇ ಮಾತ್ರೆ ಬರೀವಾಗ ಯಾಕೆ, ಎಷ್ಟು ವಾರ, ಆಮೇಲೆ ಏನು ಮಾಡ್ಬೇಕು ಅಂತ ಮೂರನ್ನೂ ಚೀಟಿಲೇ ಬರೀತಾರೆ. ನನ್ನ ವಾದ ಇಷ್ಟೇ, ಈ ಮೂರು ಗೊತ್ತಿಲ್ದೆ ಈ ಮಾತ್ರೆ ನುಂಗಬಾರದು, ಬರೆಯೋರು ಬರೀದಿದ್ರೆ ನಾವೇ ಕೇಳಿ ಬರೆಸಿಕೊಳ್ಳಬೇಕು.

ಮೊದಲು ಯಾವಾಗ ತಗೋಬೇಕು ಅನ್ನೋದು, ಯಾಕಂದ್ರೆ ಹೆಚ್ಚು ಜನ ಎಡವೋದು ಇಲ್ಲೇ. ಊಟ ಆದ್ಮೇಲೆ ಉರಿ ಶುರು ಆಯ್ತು ಅಂತ ಆಗ ಒಂದು ನುಂಗ್ತಾರೆ, ಉರಿ ಹೋಗ್ಲಿಲ್ಲ ಅಂತ ಇನ್ನೊಂದು. ಈ ಮಾತ್ರೆ ಕೆಲಸ ಮಾಡೋ ರೀತಿನೇ ಬೇರೆ. ಹೊಟ್ಟೆ ಒಳಪದರದಲ್ಲಿ ಆಸಿಡ್ ಹೊರಗೆ ಹಾಕೋ ಪಂಪುಗಳಿವೆ, ಊಟಕ್ಕೆ ಕೂತಾಗ ಅವು ಚಾಲೂ ಆಗ್ತವೆ, ಚಾಲೂ ಆಗಿರೋ ಪಂಪನ್ನ ಮಾತ್ರ ಈ ಔಷಧಿ ಹಿಡಿದು ನಿಲ್ಸುತ್ತೆ. ಔಷಧಿ ರಕ್ತದಲ್ಲಿ ಒಂದೆರಡು ಗಂಟೆ ಮಾತ್ರ ಇರುತ್ತೆ, ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೇಲಿ, ತಿನ್ನೋಕೆ 30ರಿಂದ 60 ನಿಮಿಷ ಮುಂಚೆ ತಗೊಂಡ್ರೇನೇ ಪಂಪು ಚಾಲೂ ಆಗೋ ಹೊತ್ತಿಗೆ ಔಷಧಿ ಅಲ್ಲಿರುತ್ತೆ. ಪೂರ್ತಿ ಪರಿಣಾಮ ಕಾಣೋಕೆ ಮೂರು ನಾಲ್ಕು ದಿನ ಬೇಕು. ಈಗಲೇ ಉರಿ ತಣಿಬೇಕು ಅಂದ್ರೆ ಅದು ಆಂಟಾಸಿಡ್ ಸಿರಪ್ಪಿನ ಕೆಲಸ, ಇದರದ್ದಲ್ಲ (ಆ ಸಿರಪ್ಪೂ ಕಿಡ್ನಿ ತೊಂದ್ರೆ ಇರೋರು ಕೇಳದೆ ಕುಡೀಬಾರದು, ಮತ್ತೆ ಬೇರೆ ಮಾತ್ರೆಗಳ ಜೊತೆಗೇ ಕುಡಿದ್ರೆ ಆ ಮಾತ್ರೆ ಮೈಗೆ ಸೇರೋದನ್ನ ತಡೀಬಹುದು). ಮಾತ್ರೆನ ಅಗಿಯೋದು, ಪುಡಿ ಮಾಡೋದು ಬೇಡ, ಹೊಟ್ಟೆ ಆಸಿಡ್ಡೇ ಔಷಧಿನ ಹಾಳು ಮಾಡುತ್ತೆ ಅಂತಾನೇ ಮೇಲೆ ಕವಚ ಹಾಕಿರ್ತಾರೆ. ಅಂದಹಾಗೆ ಹೊಟ್ಟೆ ಉಬ್ಬರಕ್ಕೆ ಇದು ಔಷಧಿನೇ ಅಲ್ಲ, ಇದು ತಗ್ಗಿಸೋದು ಆಸಿಡ್ ಒಂದನ್ನೇ.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಡಾಂಪೆರಿಡೋನ್ ಬಗ್ಗೆ. ನಮ್ಮವರು ತಗೊಳ್ಳೋ ಎಷ್ಟೋ ಕ್ಯಾಪ್ಸೂಲ್ಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಇದೂ ಸೇರಿರುತ್ತೆ, ಹೆಸರಿನ ಕೊನೇಲಿ ಒಂದು ಅಕ್ಷರ ಜಾಸ್ತಿ ಇರೋದು ಬಿಟ್ರೆ ತಗೊಳ್ಳೋರಿಗೆ ಗೊತ್ತೇ ಇರಲ್ಲ. ಇದು ವಾಂತಿ, ವಾಕರಿಕೆಗೆ ಕೊಡೋ ಔಷಧಿ, ಮತ್ತೆ ಇದು ಎದೆಬಡಿತದ ಲಯ ಕೆಡಿಸಬಹುದು, ಅಪರೂಪಕ್ಕೆ ಜೀವಕ್ಕೇ ಅಪಾಯ ಆಗೋ ಮಟ್ಟಿಗೆ. 2014ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಇದನ್ನ ವಾಂತಿ ವಾಕರಿಕೆಗೆ ಮಾತ್ರ ಬಳಸಿ, ದೊಡ್ಡವರಿಗೆ 10 ಮಿಲಿಗ್ರಾಂ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಬೇಡ, ಸಾಮಾನ್ಯವಾಗಿ ಒಂದು ವಾರ ದಾಟಬಾರದು, ಎದೆಯುರಿಗೆ ಹೊಟ್ಟೆ ಉಬ್ಬರಕ್ಕೆ ಬೇಡ ಅಂದ್ರು. ಅಮೆರಿಕದಲ್ಲಂತೂ ಇದಕ್ಕೆ ಯಾವತ್ತೂ ಒಪ್ಪಿಗೆ ಸಿಕ್ಕಿಲ್ಲ. 60 ದಾಟಿದವರಿಗೆ ಅಪಾಯ ಜಾಸ್ತಿ, ಹೃದಯದ ಕಾಯಿಲೆ ಇದ್ರೆ ಇನ್ನೂ ಜಾಸ್ತಿ, ಜೊತೆಗೆ ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್, ಫ್ಲುಕೊನಜೋಲ್ ಅನ್ನೋ ಫಂಗಸ್ ಔಷಧಿ ತರದ್ದು ಸೇರಿದ್ರೆ ಇದನ್ನ ತಗೊಳ್ಳಲೇ ಕೂಡದು. ನಮ್ಮಲ್ಲಿ ಇದನ್ನ ವರ್ಷಗಟ್ಟಲೆ ತಗೊಳ್ಳೋರು ಯಾರು ಅಂದ್ರೆ ಇದೇ 60 ದಾಟಿದ ಹಿರಿಯರು. ಹಾಗಂತ ಇದನ್ನ ಓದಿ ನಾಳೆ ಬೆಳಿಗ್ಗೆ ಎಸೀಬೇಡಿ, ಆದ್ರೆ ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋದು ಓದಿ, ಎರಡು ಔಷಧಿ ಇದ್ರೆ ಎರಡನೇದು ನಂಗೆ ಯಾಕೆ ಅಂತ ಡಾಕ್ಟ್ರನ್ನ ಕೇಳಿ. ಗ್ಯಾಸ್ ಮಾತ್ರೆ ಜೊತೆ ಸೇರಿಸೋ ಇನ್ನೊಂದು ಔಷಧಿ ಲೆವೊಸಲ್ಪಿರೈಡ್ ಇದ್ರೂ ಹಾಗೇ, ಅದು ಕೈ ನಡುಕ, ಮೈ ಬಿಗಿತ ತರಬಹುದು, ನಾವು ವಯಸ್ಸಾಯ್ತಲ್ಲ ಅದಕ್ಕೇ ಅಂದ್ಕೊಂಡು ಸುಮ್ಮನಾಗ್ತೀವಿ.

ಇನ್ನೊಂದು, ಯಾವ ಆಂಟಿಬಯಾಟಿಕ್ ಕೊಟ್ರೂ ಜೊತೆಗೆ ಒಂದು ಗ್ಯಾಸ್ ಮಾತ್ರೆ ಕಡ್ಡಾಯ ಅನ್ನೋ ಹಾಗೆ ಆಗಿದೆ. ಇಲ್ಲಿ ಒಂದು ಸಲ ಕೊಡದೆ ಕಳಿಸಿದಾಗ ಮರೆತ್ರೇನೋ ಅಂದ್ಕೊಂಡು ನಾನೇ ಕೇಳಿದೆ, ಬೇಕಾಗಿಲ್ಲ ಅಂದ್ರು. ಹುಣ್ಣು ಆಗಿದ್ದವರು, ವಯಸ್ಸಾದವರು ದಿನಾ ನೋವಿನ ಮಾತ್ರೆನೋ ಆಸ್ಪಿರಿನ್ನೋ ತಗೊಳ್ಳುವಾಗ ಹೊಟ್ಟೇಲಿ ರಕ್ತ ಒಸರದ ಹಾಗೆ ಇದು ಕಾಪಾಡುತ್ತೆ, ಅದು ಸರಿಯಾದ ಕಾರಣ. ಸುಮ್ನೆ ಎಲ್ಲದಕ್ಕೂ ಜೊತೆಗಿರ್ಲಿ ಅನ್ನೋದು ಕಾರಣ ಅಲ್ಲ.

ಹಾಗಂತ ಇಲ್ಲಿಯವರದ್ದೇ ಸರಿ ಅಂತ ನಾನು ಹೇಳಲ್ಲ. ಇಲ್ಲಿಯವರು ಡಬ್ಬೀಲಿರೋ ಕರಪತ್ರ ಪೂರ್ತಿ ಓದ್ತಾರೆ, ಮೂಳೆ ಮುರಿತ, ಕಿಡ್ನಿ, ಬಿ12 ಕೊರತೆ, ಮೆಗ್ನೀಸಿಯಂ ಕೊರತೆ ಎಲ್ಲ ನೋಡಿ ಹೆದರಿ ಒಂದೇ ದಿನಕ್ಕೆ ನಿಲ್ಲಿಸ್ತಾರೆ. ಅದೂ ತಪ್ಪೇ. 2019ರಲ್ಲಿ ಪ್ರಕಟ ಆದ ಒಂದು ದೊಡ್ಡ ಪ್ರಯೋಗ ಇದೆ, 17 ಸಾವಿರಕ್ಕೂ ಮೇಲೆ ಜನಕ್ಕೆ ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲ್ ಇಲ್ಲಾ ಔಷಧಿನೇ ಇಲ್ದಿರೋ ಹುಸಿಮಾತ್ರೆ ಕೊಟ್ಟು ನೋಡಿದ್ರು, ಸ್ಪಷ್ಟವಾಗಿ ಹೆಚ್ಚು ಕಂಡಿದ್ದು ಕರುಳಿನ ಸೋಂಕು ಒಂದೇ, ಅದೂ 1.4 ಪರ್ಸೆಂಟ್ ಎದುರು 1.0. ಅನ್ನನಾಳ ಜೋರಾಗಿ ಸುಟ್ಟುಹೋಗಿರೋರು, ಅನ್ನನಾಳದ ಒಳಪದರದಲ್ಲಿ ಬ್ಯಾರೆಟ್ಸ್ ಅನ್ನೋ ಬದಲಾವಣೆ ಇರೋರು ಇದನ್ನ ದೀರ್ಘಕಾಲ ತಗೊಳ್ಳಲೇಬೇಕು, ಅವರನ್ನ ಹೆದರಿಸಿ ಬಿಡಿಸೋದು ಅನ್ಯಾಯ. ಜೊತೆ ಔಷಧಿಗಳ ಕಡೆ ಗಮನ ಇರ್ಲಿ ಅಷ್ಟೇ. ಸ್ಟೆಂಟ್ ಹಾಕಿಸ್ಕೊಂಡು, ರಕ್ತ ಹೆಪ್ಪುಗಟ್ಟದ ಹಾಗೆ ಕ್ಲೋಪಿಡೋಗ್ರೆಲ್ ತಗೊಳ್ಳೋರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ, ಅವು ಆ ಮಾತ್ರೆಯ ಶಕ್ತಿ ಕುಗ್ಗಿಸ್ತವೆ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಮೈಗೆ ಸೇರೋದೂ ಕಮ್ಮಿ ಆಗಬಹುದು.

ನಿಲ್ಲಿಸೋದೇ ಕಷ್ಟದ ಭಾಗ. ಸಾಮಾನ್ಯ ಎದೆಯುರಿ, ಹುಳಿತೇಗಿಗೆ 4ರಿಂದ 8 ವಾರದ ಕೋರ್ಸ್ ಇರುತ್ತೆ, ಬಿಟ್ಟ ಕೂಡಲೇ ಉರಿ ವಾಪಸ್ ಬಂದ್ರೆ ನೋಡಿ ನಂಗೆ ಜೀವನಪೂರ್ತಿ ಬೇಕು ಅಂದ್ಕೊಂಡುಬಿಡ್ತಾರೆ. ಆದ್ರೆ 2009ರಲ್ಲಿ ಪ್ರಕಟ ಆದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಎದೆಯುರಿನೇ ಇಲ್ದಿರೋ ಆರೋಗ್ಯವಂತರಿಗೆ 8 ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದ್ರು, ಮುಂದಿನ 4 ವಾರದಲ್ಲಿ ಅವರಲ್ಲಿ 44 ಪರ್ಸೆಂಟ್ ಜನಕ್ಕೆ ಉರಿ, ಹುಳಿ, ಅಜೀರ್ಣ ಕಾಣಿಸ್ಕೊಂಡ್ತು, ಹುಸಿಮಾತ್ರೆ ತಗೊಂಡೋರಲ್ಲಿ 15 ಪರ್ಸೆಂಟ್. ಅಂದ್ರೆ ಬಿಟ್ಟ ಮೇಲೆ ಬರೋ ಉರಿ ಹಳೇ ಕಾಯಿಲೆನೇ ಆಗಿರ್ಬೇಕು ಅಂತಿಲ್ಲ, ತಡೆ ತೆಗೆದಾಗ ಹೊಟ್ಟೆ ಕೆಲ ವಾರ ಜಾಸ್ತಿ ಆಸಿಡ್ ಮಾಡುತ್ತೆ. ಹಾಗಾಗಿ ಡೋಸ್ ಅರ್ಧಕ್ಕೆ ಇಳಿಸಿ ಅಥವಾ ದಿನ ಬಿಟ್ಟು ದಿನ ತಗೊಂಡು ನಿಧಾನವಾಗಿ ಬಿಡೋದು, ನಡುವೆ ಬೇಕಾದ್ರೆ ಆಂಟಾಸಿಡ್, ಮಲಗೋಕೆ ಮೂರು ಗಂಟೆ ಮುಂಚೆ ಊಟ ಮುಗಿಸೋದು, ಹಾಸಿಗೆಯ ತಲೆ ಕಡೆ ಎತ್ತರ ಮಾಡೋದು, ಇದನ್ನ ಬರೆದುಕೊಟ್ಟವರ ಹತ್ರಾನೇ ಮಾತಾಡಿ ಮಾಡಿ.

ಆದ್ರೆ ನುಂಗೋಕೆ ಕಷ್ಟ, ಕಪ್ಪು ಮಲ, ರಕ್ತವಾಂತಿ, ಕಾರಣ ಇಲ್ದೆ ತೂಕ ಇಳಿಯೋದು, ರಕ್ತಹೀನತೆ ಇದ್ರೆ ಮಾತ್ರೆ ಬದಲಾಯಿಸ್ತಾ ಕೂರಬೇಡಿ, ತೋರಿಸಿ. ಎದೆ ಒತ್ತಿದ ಹಾಗಾಗಿ ಬೆವರು, ಎಡಗೈ ಅಥವಾ ದವಡೆ ನೋವು ಬಂದ್ರೆ ಗ್ಯಾಸ್ ಅಂತ ಮಾತ್ರೆ ನುಂಗಿ ಕಾಯಬೇಡಿ, ನೇರ ಆಸ್ಪತ್ರೆ.

ಹೊಟ್ಟೇಲಿ ಹುಣ್ಣು ಮಾಡಬಹುದಾದ ಹೆಲಿಕೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಉಸಿರು ಇಲ್ಲಾ ಮಲದ ಟೆಸ್ಟ್ ಬರೆದ್ರೆ ಈ ಮಾತ್ರೆನ 2 ವಾರ ಮುಂಚೆಯಿಂದ ನಿಲ್ಲಿಸಿರಬೇಕು, ಇಲ್ಲಾಂದ್ರೆ ಇದ್ರೂ ಇಲ್ಲ ಅಂತ ಬರಬಹುದು. ಇದನ್ನ ತಾವಾಗೇ ಮೊದಲೇ ಹೇಳೋರನ್ನ ನಾನು ಅಲ್ಲೂ ನೋಡಿಲ್ಲ, ಇಲ್ಲೂ ನೋಡಿಲ್ಲ, ಟೆಸ್ಟಿಗೆ ಡೇಟ್ ತಗೊಳ್ಳುವಾಗಲೇ ಕೇಳ್ಬಿಡಿ.