ಮುಂದೆ ನಾಲ್ಕು, ಹಿಂದೆ ಐದು

ಡೆಟ್ರಾಯಿಟ್ ಸುತ್ತಮುತ್ತ ಮನೆ ಮಾಡಿದವರಿಗೆ ಎರಡು ಕಾಯಿಲೆ ಅಂಟುತ್ತವೆ. ಒಂದು, ಹಿಮ ಎತ್ತಿ ಎತ್ತಿ ಬರುವ ಸೊಂಟನೋವು. ಇನ್ನೊಂದು, ಹಳೇ ಕಾರಿನ ಹುಚ್ಚು. ಮೊದಲನೆಯದು ನನಗೆ ಬಂತು, ಎರಡನೆಯದು ನನ್ನ ಭಾಮೈದನಿಗೆ. ಆಗಸ್ಟ್ ಬಂದರೆ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರುಗಳ ಜಾತ್ರೆ. 1995ರಲ್ಲಿ ಶುರುವಾದದ್ದು. ಅಲ್ಲಿ ಒಂದು ಸುತ್ತು ಹಾಕಿ ಬಂದವನೇ 1989ರ ಮಸ್ಟಾಂಗ್ ಕೊಂಡ.

ನಾಲ್ಕು ಸಿಲಿಂಡರ್, 88 ಅಶ್ವಶಕ್ತಿ. ಸಾಧು ಪ್ರಾಣಿ. ಅದರ ಎಂಜಿನ್ ಕಿತ್ತು 5 ಲೀಟರಿನ ವಿ8 ಕೂರಿಸಿದ. ಅದಕ್ಕೆ ತಕ್ಕ ಗೇರ್‌ಬಾಕ್ಸ್ ಬಂತು. ಹಿಂದಕ್ಕೆ ರಸ್ತೆ ಕಚ್ಚಿ ಹಿಡಿಯುವ ರೇಸ್ ಟೈರು. ಎಂಜಿನ್ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಆಕ್ಸಲ್ ಮಾತ್ರ ಹಳೆಯದೇ, 7.5 ಇಂಚಿನ ರಿಂಗ್ ಗೇರಿನದು, ಅಂದರೆ ಅದರೊಳಗಿನ ದೊಡ್ಡ ಹಲ್ಲುಗಾಲಿಯ ಅಗಲ ಅಷ್ಟು.

"ಅದೂ ಉಕ್ಕೇ ತಾನೆ ಭಾವ?" ಎಂದ.

ಲೆಕ್ಕ ನೋಡಿ. ಆ ವಿ8ನ ಟಾರ್ಕ್, ಅಂದರೆ ತಿರುಚುವ ಬಲ, 300 ಪೌಂಡ್-ಅಡಿ. ಮೊದಲ ಗೇರ್ ಅದನ್ನು 3.35 ಪಟ್ಟು ಮಾಡುತ್ತದೆ. ಆಕ್ಸಲ್ಲಿನ 3.73 ರೇಷಿಯೋ ಮತ್ತೆ ಗುಣಿಸುತ್ತದೆ. 3,700 ದಾಟಿತು. ಸಾಮಾನ್ಯ ಟೈರಾದರೆ ಸುಮ್ನೆ ಜಾರಿ ಹೊಗೆ ಬಿಡುತ್ತದೆ, ಆಕ್ಸಲ್ ಬದುಕುತ್ತದೆ. ಟೈರು ಜಾರದಿದ್ದರೆ ಆ ಬಲವೆಲ್ಲ ಗೇರಿನ ಹಲ್ಲಿನ ಮೇಲೇ. ಅದಕ್ಕೇ 'ಎಷ್ಟು ಅಶ್ವಶಕ್ತಿ?' ಎಂದು ಕೇಳಿ ಆಕ್ಸಲ್ ಆರಿಸುವವರನ್ನು ನಾನು ನಂಬುವುದಿಲ್ಲ. ಟೈರು ಎಂಥದು, ಕಾರಿನ ತೂಕ ಎಷ್ಟು, ಕ್ಲಚ್ ಬಿಡುವವನು ಯಾರು ಎಂದು ಕೇಳಬೇಕು. ನಮ್ಮವನು ಕ್ಲಚ್ ಬಿಡುವುದಿಲ್ಲ, ಬಿಸಾಕುತ್ತಾನೆ.

ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ, ಅಂದರೆ ನೇರ ಓಟದ ರೇಸ್ ಪಟ್ಟಿಯಲ್ಲಿ, ಹಸಿರು ದೀಪ ಬಂತು. ಟಣ್ ಅಂತ ಸದ್ದು. ಎಂಜಿನ್ ಆರ್ಭಟಿಸಿತು, ಕಾರು ನಿಂತಲ್ಲೇ ನಿಂತಿತು. ಆಮೇಲೆ ನಮ್ಮ ಗ್ಯಾರೇಜಿನಲ್ಲಿ ಕವರ್ ಬಿಚ್ಚಿದರೆ ಎಣ್ಣೆಯ ಜೊತೆ ಹಲ್ಲುಗಳೂ ಉದುರಿದವು. ಗೇರ್ ಎಣ್ಣೆಗೆ ಗಂಧಕ ಬೆರೆಸಿರುತ್ತಾರೆ. ಆ ವಾಸನೆ ಅಡುಗೆಮನೆ ತಲುಪಿ, "ಏನೋ ಸತ್ತಿದೆ, ನೋಡ್ರೀ" ಎಂದು ನನ್ನವಳು ಕೂಗಿದಳು. ಸತ್ತಿದ್ದೇನೋ ನಿಜ.

ಹೊಸ ಆಕ್ಸಲ್ಲಿನ ವಿಚಾರಣೆ ಶುರುವಾಯಿತು. ಹೆಣ್ಣು ನೋಡುವಾಗಲೂ ಅವನು ಇಷ್ಟು ವಿಚಾರಿಸಿರಲಿಲ್ಲ. ಮೊದಲ ಹೆಸರು ಫೋರ್ಡ್ 9 ಇಂಚು. 1957ರಿಂದ 1986ರವರೆಗೆ ಕಾರು, ಟ್ರಕ್ಕುಗಳಲ್ಲಿ ಬಂದದ್ದು. ರಿಂಗ್ ಗೇರನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್ನಿನ ಮೂತಿಗೂ ಒಂದು ಬೇರಿಂಗ್ ಇರುವುದರಿಂದ ಅದು ಸುಲಭಕ್ಕೆ ಬಾಗುವುದಿಲ್ಲ. ಆದರೆ ಗೇರುಗಳ ಉಜ್ಜಾಟ ಜಾಸ್ತಿ, ಸ್ವಲ್ಪ ಶಕ್ತಿ ಅಲ್ಲೇ ಕರಗುತ್ತದೆ. ಹೊಸದಾಗಿ ಕಟ್ಟಿಸಿದರೆ ಸಾವಿರಾರು ಡಾಲರ್. ಡಾನಾ 60 ಇನ್ನೂ ಗಟ್ಟಿ, ರಿಂಗ್ ಗೇರೇ 9.75 ಇಂಚು. ಅದರ ತೂಕದ ಮಾತು ಬಂದಾಗ ನನ್ನ ಸೊಂಟ ತಾನಾಗಿ ಹಿಂದೆ ಸರಿಯಿತು.

ಕೊನೆಗೆ ಗುಜರಿಯಿಂದ ಹಳೇ ಎಕ್ಸ್‌ಪ್ಲೋರರ್ ಗಾಡಿಯ 8.8 ಇಂಚಿನದು ಬಂತು. ನಿಜಕ್ಕೂ ಜಾಣ ಆಯ್ಕೆ. ಚಕ್ರ ತಿರುಗಿಸುವ ದಂಡದ ತುದಿಗೆ 31 ಸ್ಪ್ಲೈನ್, ಅಂದರೆ ಹಿಡಿತದ ಹಲ್ಲು, ಡಿಸ್ಕ್ ಬ್ರೇಕ್ ಬೇರೆ. ಬೆಲೆಯೂ ಅಗ್ಗ. ಆದರೆ ಆ ಕಾಲದ ಎಕ್ಸ್‌ಪ್ಲೋರರಿಗೆ ಇದ್ದದ್ದು ಪಟ್ಟಿ ಸ್ಪ್ರಿಂಗ್, ಮಸ್ಟಾಂಗಿಗೆ ಸುರುಳಿ ಸ್ಪ್ರಿಂಗ್. ಹಳೇ ಬ್ರಾಕೆಟ್ಟು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಬೇಕು. ಗೇರುಗಳು ಕೂತಿರುವ ಉಬ್ಬು ಭಾಗ, ಡಿಫರೆನ್ಷಿಯಲ್, ಕೂಡ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಜೊತೆಗೆ ದಂಡವನ್ನು ಹಿಡಿದಿಟ್ಟಿರುವುದು ಒಳಗಿನ ಒಂದು ಸಣ್ಣ ಸಿ-ಕ್ಲಿಪ್. ದಂಡ ಮುರಿದರೆ ಚಕ್ರ ದಂಡದ ತುಂಡಿನ ಸಮೇತ ಹೊರಬಂದು ನಮಗಿಂತ ಮೊದಲು ಗುರಿ ಮುಟ್ಟಬಹುದು. ಅದನ್ನು ತಡೆಯಲು ಬೇರೆ ಕಿಟ್ ಸಿಗುತ್ತದೆ. ಅದಕ್ಕೆ ಬೇರೆ ದುಡ್ಡು.

ಎಲ್ಲ ಆಯಿತು. ಕಾರು ಜೋರಾಗಿ ಚಿಮ್ಮಿತು, ಏನೂ ಮುರಿಯಲಿಲ್ಲ. ಸಂಜೆ ಚಕ್ರ ಒರೆಸುತ್ತಿದ್ದವನು ತಟ್ಟನೆ ನಿಂತ. ಮಸ್ಟಾಂಗಿನ ಮುಂದಿನ ಚಕ್ರಕ್ಕೆ ನಾಲ್ಕು ನಟ್ಟು, ಎಕ್ಸ್‌ಪ್ಲೋರರ್ ಆಕ್ಸಲ್ಲಿಗೆ ಐದು.

"ಭಾವ, ಸ್ಟೆಪ್ನಿ ಯಾವುದು ಇಡೋದು?"

ಮುಂದಿನದನ್ನೂ ಐದು ನಟ್ಟಿನದಕ್ಕೆ ಬದಲಿಸುವ ಕಿಟ್ ಇದೆಯಂತೆ. ಅದರ ಬೆಲೆ ಅಕ್ಕನಿಗೆ ಹೇಳುವ ಧೈರ್ಯ ಅವನಿಗಿಲ್ಲ. ಹಾಗಾಗಿ ಸದ್ಯಕ್ಕೆ ಎರಡು ಸ್ಟೆಪ್ನಿ. ಅವನ ಡಿಕ್ಕಿಯಲ್ಲಿ ಹಿಡಿಯುವುದು ಒಂದೇ, ಇನ್ನೊಂದು ನನ್ನ ಕಾರಿನಲ್ಲಿದೆ. ಅವನು ಗಾಳಿ ಸೀಳಿಕೊಂಡು ಎಲ್ಲಿಗೆ ಹೊರಟರೂ ಹಿಂದಿನಿಂದ ನಾನು ಹೊರಡಬೇಕು.