ಹೆಸರು ಬೀಳುವ ಹೊತ್ತು

"ಹೆಸರು ಬೀಳ್ತಾ ಇದೆಯೇನೋ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗಿ ಕೇಳುತ್ತಿದ್ದಳು. ಬೀಳುತ್ತಿದೆ ಎಂದರೆ, ಒಲೆಯ ಮೇಲಿನ ಹಾಲು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟು ಪುರುಸೊತ್ತು ಇನ್ನೂ ಇದೆ ಎಂದರ್ಥ. ಮುಗಿಯಿತು ಎಂದರೆ, ಹಾಲನ್ನು ದೇವರ ಮೇಲೆ ಬಿಟ್ಟು ಓಡಿಬರಬೇಕೆಂದರ್ಥ. ಟಿವಿ ಕಾರ್ಯಕ್ರಮದ ಆರಂಭದಲ್ಲಿ ಹೆಸರುಗಳನ್ನು ತೋರಿಸುವ ಭಾಗಕ್ಕೆ 'ಟೈಟಲ್' ಎಂಬ ಮಾತು ನಮ್ಮ ಮನೆಗೆ ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೂ ಅದಕ್ಕೆ 'ಹೆಸರು ಬೀಳುವುದು' ಎಂದೇ ಹೆಸರು. ಎಷ್ಟೋ ಕಾರ್ಯಕ್ರಮಗಳಲ್ಲಿ ಆ ಹೆಸರುಗಳು ಬೀಳುತ್ತಿರಲಿಲ್ಲ, ಕೆಳಗಿನಿಂದ ಹುಟ್ಟಿ ಮೇಲಕ್ಕೇ ಹೋಗುತ್ತಿದ್ದವು. ಆದರೂ ಮಳೆ ಬಿದ್ದಂತೆ, ಎಲೆ ಬಿದ್ದಂತೆ ಅವೂ ಬೀಳುತ್ತವೆಂದೇ ನಾವು ಹೇಳುತ್ತಿದ್ದೆವು. ಓದುವವರು ಮಾತ್ರ ಯಾರೂ ಇರಲಿಲ್ಲ.

ಓದದೆ ಇದ್ದದ್ದನ್ನು ಅಷ್ಟು ಭಕ್ತಿಯಿಂದ ಕಾಯುತ್ತಿದ್ದುದು ಯಾಕೆ ಎಂದು ಈಗ ಯೋಚಿಸುತ್ತೇನೆ. ನಮ್ಮ ಮನೆಗೆ ಟಿವಿ ಬರುವ ಮೊದಲು ಎದುರು ಸಾಲಿನ ಮೇಷ್ಟ್ರ ಮನೆಯ ಟಿವಿಯೇ ಇಡೀ ಕೇರಿಯ ಟಿವಿಯಾಗಿತ್ತು. ಮೇಷ್ಟ್ರು ಅದರ ಮರದ ಬಾಗಿಲನ್ನು ಎರಡು ಬದಿಗೂ ಸರಿಸಿ ಗುಂಡಿ ತಿರುಗಿಸಿದ ಮೇಲೆ, ಒಂದಷ್ಟು ಹೊತ್ತು ಇರುವೆ ಹರಿದಾಡಿದಂಥ ತೆರೆ ಕಾಣಿಸಿ, ಆಮೇಲೆ ದೂರದರ್ಶನದ ಆ ಎರಡು ಬಾಗಿದ ಎಸಳುಗಳು ಸುತ್ತುತ್ತ ಸುತ್ತುತ್ತ ಬಂದು ಕಣ್ಣಿನ ಆಕಾರದಲ್ಲಿ ನಿಲ್ಲುತ್ತಿದ್ದವು. ಅದರ ಹಿಂದಿನ ರಾಗ ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಸೇರಿ ಮಾಡಿದ್ದು ಎಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಆಗ ತಿಳಿದಿದ್ದುದು ಇಷ್ಟೇ: ಆ ರಾಗ ರಸ್ತೆಗೆ ಕೇಳಿಸಿತೆಂದರೆ ಆಡುತ್ತಿದ್ದ ಗೋಲಿಯನ್ನು ಜೇಬಿಗೆ ಹಾಕಿಕೊಂಡು ಓಡಬೇಕು.

ಕರಾವಳಿಯ ನಮ್ಮ ಅಜ್ಜನ ಮನೆಯ ಕಡೆ ಯಕ್ಷಗಾನದ ಆಟವಿರುವ ದಿನ, ಸಂಜೆಗತ್ತಲಾಗುತ್ತಿದ್ದಂತೆ 'ಕೇಳಿ' ಬಾರಿಸುತ್ತಿದ್ದರು. ಚೆಂಡೆ ಮದ್ದಳೆಗಳ ಆ ಸದ್ದು ಗದ್ದೆ ದಾಟಿ, ತೋಟ ದಾಟಿ, ಇವತ್ತು ಇಲ್ಲಿ ಆಟವಿದೆ ಎಂದು ಸುತ್ತಲಿನವರಿಗೆಲ್ಲ ಸಾರುತ್ತಿತ್ತು. ಕೇಳಿದವರು ಬೇಗ ಉಂಡು, ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಕೇಳಿಯಲ್ಲಿ ಕಥೆಯಿಲ್ಲ, ಪಾತ್ರವಿಲ್ಲ, ಒಂದು ಮಾತೂ ಇಲ್ಲ. ಆದರೆ ಅದು ಬಡಿದ ಮೇಲೆ ಆ ಊರಿನ ಸಂಜೆ ಮೊದಲಿನ ಸಂಜೆಯಾಗಿ ಉಳಿಯುತ್ತಿರಲಿಲ್ಲ. ಹಟ್ಟಿಗೆ ಹುಲ್ಲು ಹಾಕುತ್ತಿದ್ದ ಮಾವನ ಕೈ ಚುರುಕಾಗುತ್ತಿತ್ತು, ಅಜ್ಜಿಯ ಬೈಗುಳ ಕಡಿಮೆಯಾಗುತ್ತಿತ್ತು. ಟಿವಿಯಲ್ಲಿ ಹೆಸರು ಬೀಳುವಾಗಿನ ಸಂಗೀತ ಮಾಡುತ್ತಿದ್ದುದೂ ಇದೇ ಕೆಲಸ. ಅದು ಮೊದಲು ಬದಲಾಯಿಸುತ್ತಿದ್ದುದು ಪರದೆಯನ್ನಲ್ಲ, ಮನೆಯನ್ನು.

ಈ ಕೆಲಸವನ್ನು 'ಮಾಲ್ಗುಡಿ ಡೇಸ್' ಮಾಡಿದಷ್ಟು ಚೆನ್ನಾಗಿ ಇನ್ನಾವುದೂ ಮಾಡಲಿಲ್ಲ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ. ಎಂಬತ್ತರ ದಶಕದ ಆ ಧಾರಾವಾಹಿಯನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಅದರ ಆರಂಭದಲ್ಲಿ ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಜೊತೆಗೆ ಎಲ್. ವೈದ್ಯನಾಥನ್ ಅವರ 'ತಾನಾನ ತಾನನಾನನಾ' ಎಂಬ ಗುನುಗು. ಅಷ್ಟೇ. ಆದರೆ ನಮ್ಮಂಥವರ ಮನೆಯಲ್ಲಿ ಅದಕ್ಕೆ ಇನ್ನೊಂದು ಮಹತ್ವವಿತ್ತು. ಪರದೆಯ ಮೇಲಿನ ಮಳೆ ನಮ್ಮ ಮಲೆನಾಡಿನದು, ಹೆಂಚಿನ ಮಾಡು, ಜಗಲಿ, ಕಂಬಗಳು ನಮ್ಮವು, ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ನಮ್ಮವನು, ಅವನ ಅಪ್ಪನಾಗಿದ್ದ ಗಿರೀಶ ಕಾರ್ನಾಡರೂ ಅಮ್ಮನಾಗಿದ್ದ ವೈಶಾಲಿ ಕಾಸರವಳ್ಳಿಯವರೂ ನಮ್ಮವರು. ಆದರೆ ಬಾಯಿ ತೆರೆದರೆ ಎಲ್ಲರೂ ಹಿಂದಿಯಲ್ಲಿ ಮಾತಾಡುತ್ತಿದ್ದರು! ಹಿಂದಿಯಲ್ಲಿ 'ಏಕ್ ಗಾಂವ್ ಮೇ'ಯಿಂದ ಮುಂದೆ ಹೋಗದ ನಮ್ಮ ಕೇರಿಗೆ ಇದು ಸ್ವಂತ ಅಣ್ಣ ಪರದೇಶಿಯಂತೆ ಮಾತಾಡಿದ ಹಾಗಾಗುತ್ತಿತ್ತು. ಆ 'ತಾನಾನ' ಮಾತ್ರ ಯಾವ ಭಾಷೆಯೂ ಅಲ್ಲ, ಹಾಗಾಗಿ ಅದು ಕನ್ನಡವೇ ಆಗಿತ್ತು. (ಅದೇ ಕಾಲದಲ್ಲಿ ಬಂದ, ಮಾತೇ ಇಲ್ಲದ 'ಪುಷ್ಪಕ ವಿಮಾನ'ಕ್ಕೂ ಸಂಗೀತ ಕೊಟ್ಟವರು ಇದೇ ವೈದ್ಯನಾಥನ್ ಎಂಬುದನ್ನು ನೆನೆದಾಗ ನನಗೆ ಆಶ್ಚರ್ಯವಾಗುವುದಿಲ್ಲ.)

ಆ ಗುನುಗನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಹಾಡುಗಾರನೊಬ್ಬ ಸಭೆಯಲ್ಲಿ ಕುಳಿತು ಹಾಡಿದಂತೆ ಅದು ಇಲ್ಲ. ಕೆಲಸವಿಲ್ಲದ ಮಧ್ಯಾಹ್ನ, ಜಗಲಿಯ ಕಂಬಕ್ಕೆ ಒರಗಿ ಕಾಲು ಅಲ್ಲಾಡಿಸುತ್ತ, ಪದ ಮರೆತುಹೋದ ಹಾಡನ್ನು ಯಾರೋ ತಮ್ಮಷ್ಟಕ್ಕೆ ಗುನುಗಿಕೊಂಡಂತಿದೆ. ಲಕ್ಷ್ಮಣರ ಗೆರೆಗಳೂ ಅದೇ ಜಾತಿಯವು: ನಾಲ್ಕು ಗೆರೆಗಳಲ್ಲಿ ಮನುಷ್ಯನೊಬ್ಬನ ಕೊಡೆ, ಬೆನ್ನಿನ ಬಾಗು, ಕೆಲಸವಿಲ್ಲದ ಗತ್ತು ಎಲ್ಲವೂ ಬಂದುಬಿಡುತ್ತವೆ. ಇನ್ನು ಬರಲಿರುವ ಕಥೆಯಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ, ಹೆಚ್ಚೆಂದರೆ ಹುಡುಗನೊಬ್ಬ ಶಾಲೆ ತಪ್ಪಿಸಿಕೊಳ್ಳುತ್ತಾನೆ ಎಂಬ ಭರವಸೆ ಕಥೆ ತೊಡಗುವ ಮೊದಲೇ ನಮಗೆ ಸಿಕ್ಕಿರುತ್ತಿತ್ತು. ಪಾತ್ರಗಳ ಪರಿಚಯವೆಂದರೆ ಮುಖ ತೋರಿಸುವುದು ಎಂದು ತಿಳಿದವರಿಗೆ ಇದು ಪರಿಚಯವೇ ಅಲ್ಲ. ಆದರೆ ಊರೊಂದರ ಪರಿಚಯವಾದ ಮೇಲೆ ಊರಿನವರ ಪರಿಚಯ ಎಷ್ಟು ಹೊತ್ತಿನ ಮಾತು?

1988ರ ಅಕ್ಟೋಬರ್‌ನಲ್ಲಿ ಶುರುವಾದ ಬಿ. ಆರ್. ಚೋಪ್ರಾ ಅವರ 'ಮಹಾಭಾರತ'ದ ರೀತಿಯೇ ಬೇರೆ. ಮಹೇಂದ್ರ ಕಪೂರ್ ಅವರ ಕಂಠದಲ್ಲಿ 'ಅಥ ಶ್ರೀ ಮಹಾಭಾರತ ಕಥಾ' ಎಂದು ಮೊಳಗಿದಾಗ ಮೇಷ್ಟ್ರ ಮನೆಯ ಹಜಾರದಲ್ಲಿ ಮಕ್ಕಳ ಕಿತ್ತಾಟ ತಾನಾಗಿಯೇ ನಿಲ್ಲುತ್ತಿತ್ತು. ಒಬ್ಬರು ಹಿರಿಯರು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದೇ ಒಳಗೆ ಬರುತ್ತಿದ್ದರು. ನೂರಾರು ಪಾತ್ರಗಳ ಆ ಕಥೆಯಲ್ಲಿ ಯಾರನ್ನೆಂದು ಪರಿಚಯಿಸುವುದು? ಹಾಗಾಗಿ ಅವರು ಯಾರನ್ನೂ ಪರಿಚಯಿಸಲಿಲ್ಲ. ತಾನು ಸಮಯ ಎಂದು ಹೇಳಿಕೊಂಡ, ಹರೀಶ್ ಭಿಮಾನಿಯವರ ದನಿಯೊಂದನ್ನು ಮಾತ್ರ ಕಥೆ ಹೇಳಲು ಕೂರಿಸಿದರು. ಮುಖವೇ ಇಲ್ಲದ ಪಾತ್ರ ಅದು. ಇಂದಿಗೂ ನಮ್ಮ ತಲೆಮಾರಿನವರಿಗೆ ಆ ಧಾರಾವಾಹಿಯ ಅರ್ಜುನನ ಮುಖಕ್ಕಿಂತ ಆ ದನಿಯೇ ಮೊದಲು ನೆನಪಾಗುತ್ತದೆ.

ಪಾತ್ರವನ್ನೇ ಪರಿಚಯಿಸಬೇಕೆಂದರೆ ಹೇಗೆ ಪರಿಚಯಿಸಬೇಕು ಎಂಬುದಕ್ಕೂ ನಾನು ಯಕ್ಷಗಾನದ ಕಡೆಗೇ ನೋಡುವವನು. ರಾಕ್ಷಸರಂಥ ಭಯಂಕರ ಪಾತ್ರಗಳ 'ಬಣ್ಣದ ವೇಷ' ಒಮ್ಮೆಗೇ ರಂಗಸ್ಥಳಕ್ಕೆ ಬಂದು ನಿಲ್ಲುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಅಬ್ಬರ ಕೇಳಿಸುತ್ತದೆ, ಆಮೇಲೆ ಕಿರೀಟದ ತುದಿ ಕಾಣಿಸುತ್ತದೆ, ತೆರೆಯನ್ನು ಹಿಡಿದ ಬೆರಳು ಕಾಣಿಸುತ್ತದೆ, ಮುಖ ಕಂಡಿತೆನ್ನುವಷ್ಟರಲ್ಲಿ ಮತ್ತೆ ಮುಚ್ಚಿಹೋಗುತ್ತದೆ. ತೆರೆ ಸರಿಯುವ ಹೊತ್ತಿಗೆ ಅಜ್ಜನ ಪಕ್ಕದಲ್ಲಿದ್ದ ನಾನು ಅಜ್ಜನ ಕಂಬಳಿಯೊಳಗಿರುತ್ತಿದ್ದೆ. ಬಂದವನ ಹೆಸರು ಇನ್ನೂ ಗೊತ್ತಿಲ್ಲದಿದ್ದರೂ ಅವನ ಸ್ವಭಾವ ಗೊತ್ತಾಗಿರುತ್ತಿತ್ತು.

ಅಮೆರಿಕದ 'ಡೆಕ್ಸ್ಟರ್' ಧಾರಾವಾಹಿಯನ್ನು ನಾನು ನೋಡಿದ್ದು ಮಗಳ ಒತ್ತಾಯಕ್ಕೆ. 2006ರಲ್ಲಿ ಬಂದ ಅದರ ಆರಂಭವನ್ನು ಕಂಡಾಗ ನನಗೆ ನೆನಪಾದದ್ದು ಆ ತೆರೆಯೇ. ನಾಯಕ ಹಗಲಿನಲ್ಲಿ ಪೊಲೀಸ್ ಇಲಾಖೆಯಲ್ಲಿ ರಕ್ತದ ಕಲೆಗಳನ್ನು ಪರೀಕ್ಷಿಸುವ ನೌಕರ, ಗುಟ್ಟಿನಲ್ಲಿ ಕೊಲೆಗಾರ. ಟೈಟಲ್ ಈ ಎರಡನ್ನೂ ಹೇಳುವುದಿಲ್ಲ. ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುವುದನ್ನಷ್ಟೇ ತೋರಿಸುತ್ತದೆ. ತೋಳಿನ ಮೇಲೆ ಕೂತ ಸೊಳ್ಳೆಗೆ ಒಂದು ಏಟು. ಗಡ್ಡ ಹೆರೆಯುವಾಗ ಒಂದು ಹನಿ ರಕ್ತ. ಬಾಣಲೆಯಲ್ಲಿ ಒಡೆದು ಬೀಳುವ ಮೊಟ್ಟೆ, ಚಾಕುವಿನಡಿ ಸೀಳುವ ಮಾಂಸ, ಹಿಂಡಿದಾಗ ಕೆಂಪಾಗಿ ಸಿಡಿಯುವ ಕಿತ್ತಳೆ. ಬೂಟಿನ ಲೇಸನ್ನು ಅವನು ಜಗ್ಗಿ ಬಿಗಿಯುವ ರೀತಿ ನೋಡಿದರೆ ನಮ್ಮ ಕೊರಳನ್ನು ನಾವೇ ಮುಟ್ಟಿ ನೋಡಿಕೊಳ್ಳುವಂತಾಗುತ್ತದೆ. ಬನಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುವಾಗ ಒಂದು ಕ್ಷಣ ಬಟ್ಟೆಯಡಿಯಲ್ಲಿ ಉಸಿರುಗಟ್ಟಿದ ಮುಖದ ಅಚ್ಚು ಮೂಡುತ್ತದೆ. ಕೊನೆಗೆ ಅವನು ಬಾಗಿಲು ಹಾಕಿ, ಪಕ್ಕದ ಮನೆಯವರಂತೆ ನಮ್ಮ ಕಡೆಗೊಮ್ಮೆ ನೋಡಿ ಹೊರಟುಹೋಗುತ್ತಾನೆ. ದಿನಾ ಬೆಳಿಗ್ಗೆ ನಾನು ಮಾಡುವುದೂ ಹೆಚ್ಚುಕಡಿಮೆ ಇವೇ ಕೆಲಸಗಳು. ಮೊದಲ ಬಾರಿ ನೋಡಿದ ಮರುದಿನ ಗಡ್ಡ ಹೆರೆಯುವಾಗ ನನಗೆ ನನ್ನ ಮೇಲೇ ಸ್ವಲ್ಪ ಅನುಮಾನ ಬಂದಿತ್ತು.

1999ರಲ್ಲಿ ಬಂದ, ಅಮೆರಿಕದ ಮಾಫಿಯಾ ಕುಟುಂಬವೊಂದರ ಕಥೆಯಾದ 'ದಿ ಸೊಪ್ರಾನೋಸ್'ನ ಆರಂಭದಲ್ಲಿ ಇದಕ್ಕಿಂತ ಕಡಿಮೆ ಸಂಗತಿಗಳಿವೆ: ಒಬ್ಬ ದಪ್ಪನೆಯ ಗೃಹಸ್ಥ ಚುಟ್ಟಾ ಸೇದುತ್ತ, ನ್ಯೂಯಾರ್ಕ್‌ನ ಸುರಂಗ ದಾಟಿ ನ್ಯೂಜೆರ್ಸಿಯ ತನ್ನ ಮನೆಗೆ ಕಾರು ಓಡಿಸಿಕೊಂಡು ಹೋಗುತ್ತಾನೆ. ಆದರೆ ಕಿಟಕಿಯಾಚೆಗೆ ಕಾರ್ಖಾನೆಗಳು ಹೋಗಿ, ಹಳೆಯ ಅಂಗಡಿಗಳು ಹೋಗಿ, ಚಿಕ್ಕ ಮನೆಗಳು ಬಂದು, ಆಮೇಲೆ ದೊಡ್ಡ ಮನೆಗಳು ಬರುವುದನ್ನು ಗಮನಿಸಿದರೆ, ಅವನು ಒಂದು ಸಂಜೆಯ ದಾರಿಯನ್ನಲ್ಲ, ತನ್ನ ಮನೆತನ ಮೇಲೇರಿದ ದಾರಿಯನ್ನೇ ಸವೆಸುತ್ತಿದ್ದಾನೆ ಎಂದು ತಿಳಿಯುತ್ತದೆ. ಆರಂಭದ ವರ್ಷಗಳಲ್ಲಿ ಅವನ ಕಾರಿನ ಕನ್ನಡಿಯಲ್ಲಿ ಅವಳಿ ಗೋಪುರಗಳು ಕಾಣುತ್ತಿದ್ದವು. 2001ರಲ್ಲಿ ಅವು ಉರುಳಿದ ಮೇಲೆ ಬಂದ ಕಂತುಗಳಿಂದ ಆ ದೃಶ್ಯವನ್ನು ತೆಗೆದರು. ಕಥೆಗೆ ಸಂಬಂಧವೇ ಇಲ್ಲದ ಒಂದು ಊರಿನ ದುಃಖ ಹೀಗೆ ಟೈಟಲಿನೊಳಗೆ ಕೂತುಬಿಟ್ಟಿತು. ದಿನಾ ಒಂದೇ ಆಗಿರುವುದೆಂದು ನಾವು ಗಮನ ಕೊಡದ ವಸ್ತುವಿನಲ್ಲಿಯೇ ಬದಲಾವಣೆ ಇಷ್ಟು ಕಟುವಾಗಿ ಕಾಣಲು ಸಾಧ್ಯ. ಮನೆಯ ಗೋಡೆಯಿಂದ ಒಂದು ಫೋಟೋ ತೆಗೆದಾಗ ಉಳಿಯುವ ಬಿಳಿಯ ಚೌಕದ ಹಾಗೆ.

ನಮ್ಮ ಕನ್ನಡ ಧಾರಾವಾಹಿಗಳು ಹಿಡಿದದ್ದು ಹಾಡಿನ ದಾರಿ. 1998ರ 'ಮಾಯಾಮೃಗ'ದ ನಂತರ ಟಿ. ಎನ್. ಸೀತಾರಾಂ ಅವರ ಧಾರಾವಾಹಿಗಳಿಗೂ ಎಚ್. ಎಸ್. ವೆಂಕಟೇಶಮೂರ್ತಿಯವರ ಶೀರ್ಷಿಕೆ ಗೀತೆಗಳಿಗೂ ಬಿಡಿಸಲಾಗದ ನಂಟು ಬೆಳೆಯಿತು. ಕವಿಯೊಬ್ಬ ಬರೆದ ಸಾಲುಗಳನ್ನು ತರಕಾರಿ ಹೆಚ್ಚುತ್ತ, ಬಟ್ಟೆ ಮಡಿಸುತ್ತ ಜನ ಬಾಯಿಪಾಠ ಮಾಡಿಕೊಂಡರು. ಕವಿತೆ ಪುಸ್ತಕದಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದ ಅಮ್ಮ, ಅದು ಕವಿತೆ ಎಂದು ಗೊತ್ತಾಗದೆಯೇ ಅದನ್ನು ವರ್ಷಗಟ್ಟಲೆ ಹಾಡಿಕೊಂಡಳು. ಆ ಹಾಡುಗಳು ಇಂಥವಳು ಸೊಸೆ, ಇಂಥವನು ವಕೀಲ ಎಂದು ಹೇಳುತ್ತಿರಲಿಲ್ಲ. ಬದುಕಿನ ಬಗ್ಗೆ ಏನನ್ನೋ ಹೇಳಿ ಸುಮ್ಮನಾಗುತ್ತಿದ್ದವು. ಕಥೆ ಮುಂದುವರಿದಂತೆ ಅದೇ ಸಾಲು ಇವತ್ತು ಒಬ್ಬಳಿಗೆ, ನಾಳೆ ಇನ್ನೊಬ್ಬನಿಗೆ ಹೊಂದಿಕೊಳ್ಳುತ್ತಿತ್ತು.

ಆಮೇಲೆ ಬಂದ ಮೆಗಾ ಧಾರಾವಾಹಿಗಳ ಟೈಟಲುಗಳನ್ನು ನಾನು ಬಲ್ಲೆ, ಯಾಕೆಂದರೆ ಮನೆಯಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ನಾಯಕಿ ತುಳಸಿಕಟ್ಟೆಯ ಮುಂದೆ ದೀಪ ಹಿಡಿದು ತಿರುಗುತ್ತಾಳೆ, ಅವಳ ಕೂದಲು ಎಲ್ಲಿಂದಲೋ ಬೀಸುವ ಗಾಳಿಗೆ ಹಾರುತ್ತದೆ, ದೀಪ ಮಾತ್ರ ಆರುವುದಿಲ್ಲ. ನಾಯಕ ಕಾರಿನಿಂದಿಳಿದು ಕಪ್ಪು ಕನ್ನಡಕ ತೆಗೆಯುತ್ತಾನೆ. ಕೆಟ್ಟ ಅತ್ತೆ ಬಳೆ ಸರಿಪಡಿಸಿಕೊಂಡು ಒಂದು ಹುಬ್ಬನ್ನಷ್ಟೇ ಏರಿಸುತ್ತಾಳೆ. ಅವಳು ಕೆಟ್ಟವಳೆಂದು ಕಥೆಯೊಳಗಿನವರಿಗೆ ತಿಳಿಯಲು ಮುನ್ನೂರು ಕಂತು ಬೇಕು. ನಮಗೆ ಮೂರು ಸೆಕೆಂಡು ಸಾಕು. ತೆರೆಯೇ ಇಲ್ಲದೆ ರಂಗಸ್ಥಳಕ್ಕೆ ಬಂದು, ತನ್ನ ಹೆಸರು, ಊರು, ಮಾಡಲಿರುವ ಪಾಪ ಎಲ್ಲವನ್ನೂ ಒಪ್ಪಿಸಿಬಿಡುವ ಬಣ್ಣದ ವೇಷಕ್ಕೆ ಯಾವ ಮಗು ಹೆದರೀತು? ಇದರ ನಡುವೆ ಒಂದು ತಮಾಷೆಯೂ ನಡೆಯುತ್ತದೆ. ನಟಿ ನಡುವೆಯೇ ಬಿಟ್ಟುಹೋಗಿ ಹೊಸಬಳು ಬಂದರೂ ಕೆಲವು ದಿನ ಟೈಟಲಿನಲ್ಲಿ ಹಳೆಯ ಮುಖವೇ ನಗುತ್ತಿರುತ್ತದೆ. ಅಮ್ಮನಿಗೆ ಇದರಿಂದ ಏನೂ ತೊಂದರೆಯಿಲ್ಲ. "ಅವಳು ಹೆಸರು ಬೀಳುವಾಗಿನ ಸೊಸೆ, ಇವಳು ಕಥೆಯ ಸೊಸೆ" ಎಂದು ವಿಂಗಡಿಸಿಕೊಂಡಿದ್ದಾಳೆ.

2017ರಲ್ಲಿ ನೆಟ್‌ಫ್ಲಿಕ್ಸ್‌ನವರು ಟೈಟಲನ್ನು ದಾಟಿಹೋಗಲು ಒಂದು ಗುಂಡಿಯನ್ನೇ ಕೊಟ್ಟರು. ಸಾಮಾನ್ಯ ದಿನವೊಂದರಲ್ಲಿ ಅದನ್ನು 13.6 ಕೋಟಿ ಸಲ ಒತ್ತಲಾಗುತ್ತದೆ, ಇದರಿಂದ ನೋಡುಗರಿಗೆಲ್ಲ ಸೇರಿ 195 ವರ್ಷಗಳಷ್ಟು ಸಮಯ ಉಳಿಯುತ್ತದೆ ಎಂದು 2022ರಲ್ಲಿ ಅವರೇ ಹೆಮ್ಮೆಯಿಂದ ಹೇಳಿಕೊಂಡರು. ಉಳಿಸಿದ 195 ವರ್ಷಗಳಲ್ಲಿ ಜನ ಏನು ಮಾಡುತ್ತಾರೆ ಎಂದು ನಾನು ಮಗಳನ್ನು ಕೇಳಿದೆ. "ಮುಂದಿನ ಎಪಿಸೋಡ್ ನೋಡ್ತಾರೆ ಅಪ್ಪ" ಎಂದಳು. ಅವಳದು ತಪ್ಪಲ್ಲ. ಒಂದೇ ರಾತ್ರಿ ಎಂಟು ಕಂತು ನೋಡುವವರಿಗೆ ಎಂಟು ಸಲ 'ಕೇಳಿ' ಬಾರಿಸಿದರೆ ಅದು ಕರೆಯಲ್ಲ, ಕಿರಿಕಿರಿ. ವಾರವಿಡೀ ಕಾದು ಕೂತವರಿಗಷ್ಟೇ ಅದು ಬೇಕಿತ್ತೇನೋ.

ಮೊನ್ನೆ ಭಾನುವಾರ ಮಗಳು ಯಾವುದೋ ಹೊಸ ಸರಣಿ ಹಾಕಿದಳು. ಗುಂಡಿ ಒತ್ತಿದ ಕೂಡಲೇ ಮಳೆಯಲ್ಲಿ ಇಬ್ಬರು ಜಗಳವಾಡುವ ದೃಶ್ಯ ತೊಡಗಿತು. ಅಷ್ಟರಲ್ಲಿ ಅಮ್ಮ ಕೋಲೂರಿಕೊಂಡು ನಿಧಾನವಾಗಿ ಬಂದು, ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಸ್ವಲ್ಪ ಹೊತ್ತು ನೋಡಿ, "ಇದಕ್ಕೆ ಹೆಸರೇ ಬೀಳಲಿಲ್ಲವಲ್ಲೇ? ಯಾರೇ ಇವರೆಲ್ಲ?" ಎಂದಳು. "ತಡಿ ಅಜ್ಜಿ, ಹೇಳ್ತೀನಿ" ಎಂದು ಮಗಳು ಪರದೆಯನ್ನು ನಿಲ್ಲಿಸಿದಳು. ಕೆಂಪು ಅಂಗಿಯವನು ಯಾರು, ಅವಳಿಗೂ ಅವನಿಗೂ ಯಾಕೆ ಆಗುವುದಿಲ್ಲ, ಹಿಂದಿನ ಸಲ ಸತ್ತವನು ಇವಳಿಗೆ ಏನಾಗಬೇಕು ಎಂದೆಲ್ಲ ವಿವರಿಸಲು ತೊಡಗಿದಳು. ಅಮ್ಮ ನಡುನಡುವೆ ತಡೆದು, ಸತ್ತವನ ತಾಯಿ ಎಲ್ಲಿದ್ದಾಳೆ, ಮನೆ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸುತ್ತಿದ್ದಳು. ನಾನು ಎದ್ದು ಹೋಗಿ ಮೂವರಿಗೂ ಕಾಫಿ ಮಾಡಿಕೊಂಡು ಬಂದೆ. ಆಗಲೂ ಪರದೆಯ ಮೇಲೆ ಮಳೆಯ ಹನಿಗಳು ಗಾಳಿಯಲ್ಲೇ ನಿಂತಿದ್ದವು, ಪರಿಚಯ ಇನ್ನೂ ನಡೆಯುತ್ತಿತ್ತು.