ಯುವ ನಿರುದ್ಯೋಗದ ಶೇಕಡಾವಾರು ಹೇಳುವ ಮೊದಲು ಯಾರನ್ನು ಎಣಿಸಿದಿರಿ ಎಂದು ಹೇಳಿ

ಶೇ 3.2 ಮತ್ತು ಶೇ 10.2. ಎರಡೂ ಒಂದೇ ದೇಶದ, ಒಂದೇ ವರ್ಷದ, ಒಂದೇ ವರದಿಯ ನಿರುದ್ಯೋಗ ಪ್ರಮಾಣಗಳು. ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, 2023ರ ಜುಲೈನಿಂದ 2024ರ ಜೂನ್‌ವರೆಗೆ ಕಂಡುಕೊಂಡದ್ದು ಇದು. 15 ವರ್ಷ ಮೇಲ್ಪಟ್ಟ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮೊದಲನೆಯದು. 15ರಿಂದ 29ರ ವಯಸ್ಸಿನವರನ್ನು ಮಾತ್ರ ತೆಗೆದುಕೊಂಡರೆ ಎರಡನೆಯದು. ಚರ್ಚೆಗೆ ಕುಳಿತವರು ತಮಗೆ ಬೇಕಾದುದನ್ನು ಹಿಡಿದುಕೊಳ್ಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಆ ಲೆಕ್ಕದಲ್ಲಿ ಯಾರು ಸೇರಿದ್ದಾರೆ, ಯಾರು ಹೊರಗೆ ಉಳಿದಿದ್ದಾರೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ನಾನು ಬೆಂಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಈ ಸಮೀಕ್ಷೆಯ ಮೂಲ ದತ್ತಾಂಶ ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಫೈಲ್ ತೆರೆದರೆ ಒಂದು ಸಾಲಿಗೆ ಒಬ್ಬ ವ್ಯಕ್ತಿ. ಹೆಸರು ಇರುವುದಿಲ್ಲ. ವಯಸ್ಸು, ಲಿಂಗ, ಓದು, ಆಮೇಲೆ ಎರಡಂಕಿಯ ಒಂದು ಕೋಡ್. 11 ಎಂದರೆ ಸ್ವಂತ ದುಡಿಮೆ. 21 ಎಂದರೆ ಮನೆಯ ಅಂಗಡಿಯಲ್ಲೋ ಹೊಲದಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರು. 31 ಸಂಬಳದ ನೌಕರಿ. 81 ಕೆಲಸ ಹುಡುಕುತ್ತಿರುವವರು ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರು. 91 ವಿದ್ಯಾರ್ಥಿ. 92 ಮನೆಗೆಲಸ. ದುಡಿಯುತ್ತಿರುವವರು ಮತ್ತು 81ರವರು ಸೇರಿದರೆ ಕಾರ್ಮಿಕ ಬಲ. ಅದರಲ್ಲಿ 81ರವರ ಪಾಲೇ ನಿರುದ್ಯೋಗ ಪ್ರಮಾಣ. 91 ಮತ್ತು 92ರವರು ಆ ಭಾಗಾಕಾರದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಹಿರಿಯರ ವಿಷಯದಲ್ಲಿ ಇದು ಅಷ್ಟು ದೊಡ್ಡ ತೊಡಕಲ್ಲ. ಆದರೆ ಇಪ್ಪತ್ತರ ಆಸುಪಾಸಿನವರ ಬದುಕು ಈ ಮೂರು ಕೋಡ್‌ಗಳ ನಡುವೆಯೇ ಓಡಾಡುತ್ತಿರುತ್ತದೆ.

ವಿಜಯನಗರದಲ್ಲೋ ಚಂದ್ರಾ ಲೇಔಟ್‌ನಲ್ಲೋ ಕೊಠಡಿ ಹಿಡಿದು ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗನನ್ನೇ ನೋಡಿ. ಅವನು ವಿದ್ಯಾರ್ಥಿಯೋ ನಿರುದ್ಯೋಗಿಯೋ? ಬೇರೆ ಕೆಲಸ ಸಿಕ್ಕರೆ ಸೇರುತ್ತೀರಾ ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರದ ಮೇಲೆ ಅದು ನಿಂತಿದೆ. ಅವನು ಮನೆಯವರ ಜೊತೆಗೇ ಇದ್ದು ಓದುತ್ತಿದ್ದರೆ ಆ ಉತ್ತರವನ್ನು ಎಷ್ಟೋ ಸಲ ಅವನೇ ಕೊಡುವುದಿಲ್ಲ, ಮನೆಯ ಯಜಮಾನರು ಕೊಡುತ್ತಾರೆ.

ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಗಂಭೀರ. ಪ್ರಥಮ ದರ್ಜೆಯಲ್ಲಿ ಬಿ.ಕಾಂ. ಮುಗಿಸಿದ ಮಗಳು ಏನು ಮಾಡುತ್ತಿದ್ದಾಳೆ ಎಂದು ಸಮೀಕ್ಷಕರು ಕೇಳಿದಾಗ, "ಮನೆಯಲ್ಲೇ ಇದ್ದಾಳೆ, ಗಂಡು ನೋಡುತ್ತಿದ್ದೇವೆ" ಎಂದು ತಾಯಿ ಹೇಳಿದರೆ ಆ ಸಾಲಿನಲ್ಲಿ 92 ಬೀಳುತ್ತದೆ. ಒಳಗಿನ ಕೋಣೆಯಲ್ಲಿ ಅವಳು ಮೊಬೈಲ್‌ನಲ್ಲಿ ಕೆಲಸಗಳಿಗೆ ಅರ್ಜಿ ಹಾಕುತ್ತಿರಬಹುದು. ಮನೆಯ ಹತ್ತಿರ ಕೆಲಸ ಸಿಕ್ಕರೆ ನಾಳೆಯೇ ಹೊರಡಲು ತಯಾರಿರಬಹುದು. ಅದು ದಾಖಲಾಗುವುದಿಲ್ಲ. ಅವಳು ನಿರುದ್ಯೋಗಿಯಲ್ಲ, ಕಾರ್ಮಿಕ ಬಲದಲ್ಲೇ ಇಲ್ಲ. ಹೀಗೆ ಹುಡುಗಿಯರು ಲೆಕ್ಕದಿಂದ ಹೊರಗೆ ಹೋದಷ್ಟೂ ನಿರುದ್ಯೋಗದ ಅಂಕಿ ಚಿಕ್ಕದಾಗಿ, ಚೆಂದವಾಗಿ ಕಾಣುತ್ತದೆ. ಇಂಥ ಚೆಂದವನ್ನು ಸಾಧನೆ ಎಂದು ಒಪ್ಪಲು ನಾನು ಸಿದ್ಧನಿಲ್ಲ.

ಇನ್ನು ಕಾಲದ ಅಳತೆ. 3.2 ಮತ್ತು 10.2 ಎಂಬ ಅಂಕಿಗಳು ಹಿಂದಿನ 365 ದಿನಗಳನ್ನು ನೋಡುವ 'ಸಾಮಾನ್ಯ ಸ್ಥಿತಿ'ಯವು. ಒಬ್ಬ ಹುಡುಗ ವರ್ಷದಲ್ಲಿ ಐದು ತಿಂಗಳು ಕೆಲಸವನ್ನೂ ಹುಡುಕದೆ ಊರಿನಲ್ಲಿದ್ದ, ನಾಲ್ಕು ತಿಂಗಳು ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದ, ಮೂರು ತಿಂಗಳು ಕೆಲಸ ಹುಡುಕಿದ ಎಂದುಕೊಳ್ಳಿ. ದುಡಿದದ್ದು ಮತ್ತು ಹುಡುಕಿದ್ದು ಸೇರಿ ಏಳು ತಿಂಗಳು, ಐದಕ್ಕಿಂತ ಹೆಚ್ಚು. ಆದ್ದರಿಂದ ಅವನು ಕಾರ್ಮಿಕ ಬಲದೊಳಗೆ. ಅದರಲ್ಲಿ ದುಡಿದ ನಾಲ್ಕು ಹುಡುಕಿದ ಮೂರಕ್ಕಿಂತ ಹೆಚ್ಚು, ಆದ್ದರಿಂದ ಉದ್ಯೋಗಿ. ವರ್ಷದ ಮೂರರಲ್ಲಿ ಎರಡು ಪಾಲು ಸಂಬಳವಿಲ್ಲದೆ ಕಳೆದವನು ವರದಿಯಲ್ಲಿ ಉದ್ಯೋಗಿ. ಸಾಲದ್ದಕ್ಕೆ ವರ್ಷದಲ್ಲಿ 30 ದಿನ ಉಪವೃತ್ತಿ ಮಾಡಿದವರೂ ಇದೇ ಅಂಕಿಯಲ್ಲಿ ಉದ್ಯೋಗಿಗಳು.

'ವಾರದ ಸ್ಥಿತಿ' ಎಂಬ ಇನ್ನೊಂದು ಅಳತೆಯಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದೇ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು, ಉದ್ಯೋಗಿ. ತರಗತಿ ಮುಗಿಸಿ ರಾತ್ರಿ ಬೈಕ್‌ನಲ್ಲಿ ಊಟ ತಲುಪಿಸುವ ನನ್ನ ವಿದ್ಯಾರ್ಥಿಗಳು ಹಾಗೆ ಉದ್ಯೋಗಿಗಳಾಗುತ್ತಾರೆ. ಅದನ್ನು ತಪ್ಪೆನ್ನಲಾರೆ, ದುಡಿಮೆ ದುಡಿಮೆಯೇ. ಆದರೆ ವಾರಕ್ಕೆ ಐವತ್ತು ಗಂಟೆ ದುಡಿಯುವವನೂ ಐದು ಗಂಟೆ ದುಡಿಯುವವನೂ ಶೇಕಡಾವಾರಿನೊಳಗೆ ಒಂದೇ ಆಗಿಬಿಡುತ್ತಾರೆ. ಎಷ್ಟು ಗಂಟೆ, ಎಷ್ಟು ಗಳಿಕೆ ಎಂಬ ಕಾಲಂಗಳೂ ಅದೇ ಫೈಲ್‌ನಲ್ಲಿವೆ. ಚರ್ಚೆಗೆ ಅವು ಬರುವುದೇ ಇಲ್ಲ.

2025ರ ಜನವರಿಯಿಂದ ಸಮೀಕ್ಷೆಯ ಸ್ವರೂಪ ಬದಲಾಗಿ ತಿಂಗಳಿಗೊಮ್ಮೆ ಅಂಕಿಗಳು ಬರುತ್ತಿವೆ. ಏಪ್ರಿಲ್ 2025ರ ಮೊದಲ ಪ್ರಕಟಣೆಯಲ್ಲಿ ಒಟ್ಟಾರೆ ನಿರುದ್ಯೋಗ ಶೇ 5.1, ಯುವಜನರಲ್ಲಿ ಶೇ 13.8. ಇದು ವಾರದ ಅಳತೆ. ಇದನ್ನು ವರ್ಷದ ಅಳತೆಯ 3.2ರ ಪಕ್ಕದಲ್ಲಿಟ್ಟು ನಿರುದ್ಯೋಗ ಏರಿತು ಎನ್ನುವುದು, ಬಟ್ಟೆಯನ್ನು ಒಮ್ಮೆ ಗಜದಲ್ಲಿ, ಒಮ್ಮೆ ಅಡಿಯಲ್ಲಿ ಅಳೆದು ಬಟ್ಟೆ ಬೆಳೆಯಿತು ಎಂದಂತೆ. 2023–24ರಲ್ಲೂ ವಾರದ ಅಳತೆಯಲ್ಲಿ ಒಟ್ಟು ನಿರುದ್ಯೋಗ ಶೇ 4.9 ಇತ್ತು.

ಇಳಿಕೆಯ ಕಥೆಯನ್ನೂ ಇಷ್ಟೇ ಎಚ್ಚರದಿಂದ ಓದಬೇಕು. ಯುವ ನಿರುದ್ಯೋಗ 2017–18ರಲ್ಲಿ ಶೇ 17.8 ಇದ್ದದ್ದು 10.2ಕ್ಕೆ ಬಂದಿತು, ನಿಜ. ಅದೇ ಅವಧಿಯಲ್ಲಿ ಎಲ್ಲ ವಯಸ್ಸಿನ ದುಡಿಯುವವರಲ್ಲಿ ಸ್ವಂತ ದುಡಿಮೆಯವರ ಪಾಲು ಶೇ 52ರ ಆಸುಪಾಸಿನಿಂದ 58.4ಕ್ಕೆ ಏರಿತು. ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ನೆರವಾಗುವವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಇಳಿಕೆಯ ಎಷ್ಟು ಭಾಗ 31ಕ್ಕೆ ಹೋಯಿತು, ಎಷ್ಟು ಭಾಗ 21ಕ್ಕೆ ಹೋಯಿತು ಎಂದು ಬಿಡಿಸಿ ತೋರಿಸದೆ ಹಬ್ಬ ಮಾಡಬೇಡಿ.

ನಮ್ಮ ರಾಜ್ಯದ ಯುವನಿಧಿ ಯೋಜನೆಗೆ ಮತ್ತೊಂದು ವ್ಯಾಖ್ಯೆ. ಪದವಿ ಅಥವಾ ಡಿಪ್ಲೊಮಾ ಮುಗಿದು 180 ದಿನ ಕಳೆದರೂ ಕೆಲಸ ಸಿಗದವರಿಗೆ ಅದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಮುಂದೆ ಓದುತ್ತಿರುವವರಿಗೆ ಇಲ್ಲ. ಯೋಜನೆಗೆ ಅದರದೇ ಕಾರಣಗಳಿವೆ, ಸರಿ. ಆದರೆ ಅದರ ಫಲಾನುಭವಿಗಳ ಸಂಖ್ಯೆಯನ್ನೇ ಕರ್ನಾಟಕದ ಯುವ ನಿರುದ್ಯೋಗ ಎಂದು ಹೇಳುವವರು ಎರಡು ಬೇರೆ ವಸ್ತುಗಳನ್ನು ಕೂಡಿಸುತ್ತಿದ್ದಾರೆ.

ಪತ್ರಿಕೆಯಲ್ಲಿರುವ ಗೆಳೆಯರಲ್ಲಿ ನನ್ನ ಕೋರಿಕೆ ಚಿಕ್ಕದು. ಶೇಕಡಾವಾರಿನ ಜೊತೆಗೆ ವಯಸ್ಸಿನ ಮಿತಿ, ವರ್ಷವೋ ವಾರವೋ ಎಂಬುದು, ಹಾಗೂ ಓದಿನಲ್ಲೂ ಕೆಲಸದಲ್ಲೂ ತರಬೇತಿಯಲ್ಲೂ ಇಲ್ಲದ ಯುವಜನರ ಪಾಲು, ಈ ಮೂರನ್ನೂ ಬರೆಯಿರಿ. ಕೊನೆಯದರಲ್ಲಿ ಭಾಜಕ ಇಡೀ ಯುವ ಸಮುದಾಯ. ಆದ್ದರಿಂದ ಮನೆಯಲ್ಲಿ ಕುಳಿತ ಆ ಬಿ.ಕಾಂ. ಹುಡುಗಿ ಅಲ್ಲಿ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಈ ಸೂಚಕ ಇದೆ, ಅಲ್ಲಿ ವಯಸ್ಸು ಸಾಮಾನ್ಯವಾಗಿ 15ರಿಂದ 24.

ಬೆಂಗಳೂರಿನಲ್ಲಿ ಪಿಜಿ ನಡೆಸುವವರಿಗೂ ಒಂದು ಮಾತು. ಈ ಸಮೀಕ್ಷೆಯಲ್ಲಿ ಹಾಸ್ಟೆಲ್‌ನಲ್ಲೋ ಪಿಜಿಯಲ್ಲೋ ಇರುವ ಪ್ರತಿಯೊಬ್ಬರೂ ಸಾಮಾನ್ಯವಾಗಿ ಒಬ್ಬರೇ ಇರುವ ಒಂದು ಪ್ರತ್ಯೇಕ ಕುಟುಂಬ ಎಂದು ಲೆಕ್ಕ. ಸಮೀಕ್ಷಕರು ಗುರುತಿನ ಚೀಟಿ ತೋರಿಸಿ ಬಾಗಿಲಿಗೆ ಬಂದಾಗ ಹುಡುಗರು ಇಲ್ಲ, ಆಮೇಲೆ ಬನ್ನಿ ಎಂದು ಕಳುಹಿಸಬೇಡಿ. ಅವರು ಕೆಲಸ ಮುಗಿಸಿ ಬರುವ ಹೊತ್ತು ಯಾವುದೆಂದು ತಿಳಿಸಿ, ಉತ್ತರವನ್ನು ಅವರೇ ಕೊಡಲಿ.